ಇಂಗ್ಲಿಷ್ ಪ್ರಶ್ನೋತ್ತರ: ಕಾರು ಅಂಗಳದಲ್ಲಿದೆ, ಅಂಗಳದಲ್ಲಿ ಕಾರಿದೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡೇ ವಿಷಯಗಳ ಸುತ್ತ ಇವೆ. ‘ಎ’, ‘ಆ್ಯನ್’, ‘ದಿ’ ಎಂಬ ಆರ್ಟಿಕಲ್‌ಗಳದು ಒಂದು ತೊಡಕಾದರೆ, ‘ಇನ್’, ‘ಆನ್’, ‘ಆ್ಯಟ್’, ‘ಸಿನ್ಸ್’ ಮುಂತಾದ ಪ್ರಿಪೊಸಿಷನ್‌ಗಳದು ಇನ್ನೊಂದು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ. ಅಂಕಣದ ವಾಡಿಕೆಯಂತೆ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ಗೊತ್ತಿರುವ ವಸ್ತುವಿಗೆ ದಿ, ಗೊತ್ತಿಲ್ಲದ ವಸ್ತುವಿಗೆ ಎ’ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಒಬ್ಬ ಹುಡುಗ ‘ಐ ವೆಂಟ್ ಟು ದಿ ಹಾಸನ್’ ಎಂದು ಬರೆದ. ತಿದ್ದಿದಾಗ, ‘ಹಾಸನ ಎಲ್ಲರಿಗೂ ಗೊತ್ತಲ್ವಾ ಮೇಡಂ?’ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.
– ಓರ್ವ ಶಿಕ್ಷಕಿ, ಅರಸೀಕೆರೆ ತಾಲ್ಲೂಕು

ಉತ್ತರ: ಹುಡುಗ ಜಾಣ. ನಿಮ್ಮ ಸೂತ್ರವನ್ನು ನೀವು ಹೇಳಿದಂತೆಯೇ ಪಾಲಿಸಿದ್ದಾನೆ. ಸೂತ್ರವೂ ತಪ್ಪೇನಲ್ಲ, ಆದರೆ ಯಾರಿಗೆ ಗೊತ್ತಿರಬೇಕು ಎಂಬ ಮುಖ್ಯ ಮಾತು ಅದರಲ್ಲಿ ಬಿಟ್ಟುಹೋಗಿದೆ. ಸಂತೆಯಿಂದ ಹಸು ಕೊಂಡು ತಂದ ರೈತನಿಗೆ ಅದರ ಬಣ್ಣ, ಹಲ್ಲು, ಸುಳಿ, ಕೊಟ್ಟ ದುಡ್ಡು ಎಲ್ಲವೂ ಗೊತ್ತಿರುತ್ತವೆ. ಆದರೂ ಆತ ಮೊದಲ ಬಾರಿ ನೆರೆಮನೆಯವನಿಗೆ ಸುದ್ದಿ ಹೇಳುವಾಗ ‘ಐ ಬಾಟ್ ಎ ಕೌ’ ಎಂದೇ ಹೇಳಬೇಕು, ಏಕೆಂದರೆ ಯಾವ ಹಸು ಎಂಬುದು ಕೇಳುವವನಿಗೆ ಇನ್ನೂ ತಿಳಿಯದು. ಮರುದಿನ ‘ದಿ ಕೌ ಈಸ್ ನಾಟ್ ಈಟಿಂಗ್’ ಎನ್ನಬಹುದು, ಏಕೆಂದರೆ ಈಗ ಇಬ್ಬರ ಮನಸ್ಸಿನಲ್ಲಿಯೂ ಒಂದೇ ಹಸು ನಿಂತಿದೆ.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ನಮಗೆ ಇದು ಕಷ್ಟ ಎಂದು ಹೇಳುವುದು ರೂಢಿ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ‘ಒಂದೂರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಮೂವರು ಮಕ್ಕಳು’ ಎಂದು ಕಥೆ ಹೇಳುವ ಅಜ್ಜಿ ಮೊದಲ ವಾಕ್ಯದಲ್ಲಿ ‘ಒಬ್ಬ’ ಎನ್ನುತ್ತಾಳೆ, ಎರಡನೆಯದರಲ್ಲಿ ‘ಆ’ ಎನ್ನುತ್ತಾಳೆ, ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನ ‘ಆ್ಯನ್’ ಕೂಡ ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಅರ್ಥದ ಪದದಿಂದಲೇ ಬಂದದ್ದು, ‘ದಿ’ ಬಂದದ್ದು ‘ಆ’ ಎಂದು ತೋರಿಸುವ ಪದದಿಂದ. ನಮ್ಮಲ್ಲಿ ಇವು ಬೇಕಾದಾಗ ಬರುತ್ತವೆ, ಅಲ್ಲಿ ಪ್ರತಿ ಸಲವೂ ಬರಲೇಬೇಕು ಎಂಬುದಷ್ಟೇ ವ್ಯತ್ಯಾಸ.

ಹಾಗಾದರೆ ‘ಒಂದು’, ‘ಆ’ ಎರಡೂ ಇಲ್ಲದ ಕನ್ನಡ ವಾಕ್ಯದಲ್ಲಿ ಈ ಭೇದ ಕಾಣುವುದಿಲ್ಲವೇ? ಕಾಣುತ್ತದೆ, ಬೇರೆ ಜಾಗದಲ್ಲಿ. ಈ ಎರಡು ವಾಕ್ಯಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ: ‘ಅಂಗಳದಲ್ಲಿ ಕಾರು ನಿಂತಿದೆ.’ ‘ಕಾರು ಅಂಗಳದಲ್ಲಿ ನಿಂತಿದೆ.’ ಪದಗಳು ಅವೇ ಮೂರು. ಮೊದಲನೆಯದನ್ನು ಕೇಳಿದ ಕೂಡಲೇ ಮನೆಯೊಳಗಿನವರು ‘ಯಾರು ಬಂದರು?’ ಎನ್ನುತ್ತಾರೆ, ಏಕೆಂದರೆ ಅದು ಗೊತ್ತಿಲ್ಲದ ಯಾವುದೋ ಕಾರು. ಎರಡನೆಯದು ‘ಕಾರು ಎಲ್ಲಿ?’ ಎಂದು ಕೇಳಿದವರಿಗೆ ಕೊಡುವ ಉತ್ತರ. ಅದು ನಮ್ಮದೇ ಕಾರು, ಇಲ್ಲವೇ ಆಗಲೇ ಮಾತಿಗೆ ಬಂದಿರುವ ಕಾರು. ಮೊದಲನೆಯದು ಇಂಗ್ಲಿಷಿನಲ್ಲಿ ‘ದೇರ್ ಈಸ್ ಎ ಕಾರ್ ಇನ್ ದಿ ಯಾರ್ಡ್’, ಎರಡನೆಯದು ‘ದಿ ಕಾರ್ ಈಸ್ ಇನ್ ದಿ ಯಾರ್ಡ್’. ಇಂಗ್ಲಿಷ್ ಆರ್ಟಿಕಲ್ಲಿನಿಂದ ಮಾಡುವ ಕೆಲಸವನ್ನು ಕನ್ನಡ ಪದಗಳ ಜಾಗ ಬದಲಿಸಿ ಮಾಡುತ್ತದೆ. ಆಡುಮಾತಿನಲ್ಲಿ ದ್ವಿತೀಯಾ ವಿಭಕ್ತಿಯೂ ಇದೇ ಕೆಲಸಕ್ಕೆ ಒದಗುತ್ತದೆ: ‘ಪುಸ್ತಕ ತಂದೆಯಾ?’ ಎಂದರೆ ಯಾವುದಾದರೂ ಒಂದು ಪುಸ್ತಕ, ‘ಪುಸ್ತಕವನ್ನು ತಂದೆಯಾ?’ ಎಂದರೆ ತರಲು ಹೇಳಿದ್ದ ಅದೇ ಪುಸ್ತಕ. ಬರವಣಿಗೆಯಲ್ಲಿ ‘ಅನ್ನು’ ಎಲ್ಲ ಕಡೆಯೂ ಬರುವುದರಿಂದ ಇದನ್ನು ನಿಯಮವೆಂದು ಕಲಿಸಬೇಡಿ. ಮಕ್ಕಳ ಕಿವಿಗೆ ಬೀಳುವಂತೆ ಮಾಡಿದರೆ ಸಾಕು.

ಇನ್ನು ಹಾಸನದ ಮಾತು. ‘ದಿ’ ಎಂಬುದು ಹಲವು ವಸ್ತುಗಳ ನಡುವೆ ಒಂದನ್ನು ಬೆರಳಿಟ್ಟು ತೋರಿಸುವ ಪದ. ಅಂಕಿತನಾಮ ಅದಾಗಲೇ ಬೆರಳಿಟ್ಟ ಹೆಸರು, ಅದರ ಮೇಲೆ ಇನ್ನೊಂದು ಬೆರಳು ಬೇಡ. ಆದ್ದರಿಂದ ಊರು, ತಾಲ್ಲೂಕು, ರಾಜ್ಯ, ಬಿಡಿ ಬೆಟ್ಟ, ಕೆರೆ ಇವುಗಳ ಹೆಸರಿಗೆ ‘ದಿ’ ಬರುವುದಿಲ್ಲ. ಆದರೆ ನದಿಗಳಿಗೂ ಬೆಟ್ಟಸಾಲುಗಳಿಗೂ ಬರುತ್ತದೆ: ‘ದಿ ಹೇಮಾವತಿ’, ‘ದಿ ವೆಸ್ಟರ್ನ್ ಘಾಟ್ಸ್’. ಇದಕ್ಕೆ ತರ್ಕ ಹುಡುಕಿ ಸುಸ್ತಾಗುವುದಕ್ಕಿಂತ ಒಂದು ವಾಕ್ಯ ಬಾಯಿಪಾಠ ಮಾಡಿಸುವುದು ಮೇಲು: ‘ದಿ ಯಗಚಿ ಜಾಯಿನ್ಸ್ ದಿ ಹೇಮಾವತಿ ನಿಯರ್ ಗೊರೂರು.’ ನದಿಗಳೆರಡಕ್ಕೂ ‘ದಿ’ ಬಂತು, ಊರಿಗೆ ಬರಲಿಲ್ಲ. ‘ಯಗಚಿಯು ಹೇಮಾವತಿಗೆ ಸೇರುತ್ತದೆ’ ಎಂಬ ಚತುರ್ಥಿಯನ್ನು ನಂಬಿ ‘ಜಾಯಿನ್ಸ್ ಟು’ ಎಂದು ಬರೆಯಬಾರದು ಎಂಬುದೂ ಅದೇ ವಾಕ್ಯದಲ್ಲಿ ಕಲಿತಂತಾಯಿತು.

ಪ್ರಶ್ನೆ: ಸ್ವರಾಕ್ಷರದ ಮುಂದೆ ‘ಆ್ಯನ್’ ಎಂದು ಓದಿದ್ದೇವೆ. ಆದರೆ ‘ಎ ಯೂನಿವರ್ಸಿಟಿ’, ‘ಆ್ಯನ್ ಎಂಎಲ್ಎ’ ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಯಾವುದು ಸರಿ?
– ಪದವಿ ವಿದ್ಯಾರ್ಥಿ, ಕಡೂರು

ಉತ್ತರ: ಪತ್ರಿಕೆಗಳು ಸರಿ. ಇಲ್ಲಿ ಲೆಕ್ಕಕ್ಕೆ ಬರುವುದು ಕಿವಿಗೆ ಕೇಳುವ ಸ್ವರ, ಕಣ್ಣಿಗೆ ಕಾಣುವ ಅಕ್ಷರವಲ್ಲ. ಇಂಗ್ಲಿಷ್ ಲಿಪಿ ಈ ವಿಷಯದಲ್ಲಿ ಮೋಸ ಮಾಡುತ್ತದೆ, ಕನ್ನಡ ಲಿಪಿ ಬಹುಮಟ್ಟಿಗೆ ಮಾಡುವುದಿಲ್ಲ. ಸಂಶಯ ಬಂದಾಗ ಆ ಪದವನ್ನು ಕನ್ನಡದಲ್ಲಿ ಬರೆದು ನೋಡಿ. ‘ಯೂನಿವರ್ಸಿಟಿ’, ‘ಯೂನಿಫಾರ್ಮ್’, ‘ಯುಪಿಐ ಪೇಮೆಂಟ್’ ಎಲ್ಲವೂ ಯಕಾರದಿಂದ, ಅಂದರೆ ವ್ಯಂಜನದಿಂದ ಆರಂಭವಾಗುತ್ತವೆ; ಆದ್ದರಿಂದ ‘ಎ’. ‘ಅವರ್’, ‘ಆನೆಸ್ಟ್’ ಎಂಬಲ್ಲಿ ಹಕಾರ ಕೇಳುವುದೇ ಇಲ್ಲ, ಆದ್ದರಿಂದ ‘ಆ್ಯನ್’. ಹಾಸನದಲ್ಲಿ 1982ರಿಂದ ಇರುವ ಉಪಗ್ರಹ ನಿಯಂತ್ರಣ ಕೇಂದ್ರ ‘ಆ್ಯನ್ ಇಸ್ರೋ ಸೆಂಟರ್’. ಹೊಲದ ಪಹಣಿ ‘ಆ್ಯನ್ ಆರ್‌ಟಿಸಿ’. ಹತ್ತನೆಯ ತರಗತಿಯವರು ‘ಆ್ಯನ್ ಎಸ್ಎಸ್ಎಲ್‌ಸಿ ಸ್ಟೂಡೆಂಟ್’, ಮುಂದಿನ ವರ್ಷ ಅವರೇ ‘ಎ ಪಿಯುಸಿ ಸ್ಟೂಡೆಂಟ್’.

ಎರಡು ಕಡೆ ಮಾತ್ರ ಕನ್ನಡ ಲಿಪಿಯನ್ನೂ ನಂಬಬೇಡಿ. ನಾವು ‘ಒನ್’ ಎಂದು ಬರೆಯುವ ಪದದ ಉಚ್ಚಾರ ವಕಾರದಿಂದ ಆರಂಭವಾಗುತ್ತದೆ. ಹಾಗಾಗಿ ‘ಎ ಒನ್ ಡೇ ಮ್ಯಾಚ್’. ಕಿವಿ ಎಂಬ ಅರ್ಥದ ‘ಇಯರ್’, ವರ್ಷ ಎಂಬ ಅರ್ಥದ ‘ಇಯರ್’ ಎರಡನ್ನೂ ನಾವು ಒಂದೇ ರೀತಿ ಬರೆಯುತ್ತೇವೆ, ಒಂದೇ ರೀತಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ವರ್ಷದ ‘ಇಯರ್’ ಮುಂದೆ ಯಕಾರವಿದೆ. ಆದ್ದರಿಂದ ಕಿವಿಗೆ ‘ಆ್ಯನ್’, ವರ್ಷಕ್ಕೆ ‘ಎ’.

ನಮ್ಮ ನಾಲಿಗೆಯ ಇನ್ನೊಂದು ಅಭ್ಯಾಸವನ್ನೂ ಹೇಳಿಬಿಡುತ್ತೇನೆ. ‘ಎಲ್ಲಿ’ ಎಂಬುದನ್ನು ‘ಯೆಲ್ಲಿ’ ಎನ್ನುವ ನಾವು ಶಾಸಕರನ್ನೂ ‘ಯೆಮ್ಮೆಲ್ಲೆ’ ಮಾಡಿಬಿಟ್ಟಿದ್ದೇವೆ. ಹಾಗೆ ಹೇಳುವ ಬಾಯಿಗೆ ‘ಎ ಯೆಮ್ಮೆಲ್ಲೆ’ ಎಂಬುದೇ ಸಹಜವೆನಿಸುತ್ತದೆ. ಹಳ್ಳಿಯ ಕಡೆ ಹಾಸನವನ್ನು ‘ಆಸ್ನ’ ಎನ್ನುವವರಿಗೆ ‘ಆ್ಯನ್ ಹಾಸನ್ ಬಸ್’ ಸರಿಯೆನಿಸಿದರೂ ಆಶ್ಚರ್ಯವಿಲ್ಲ. ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ ಇಂಗ್ಲಿಷಿನ ಉಚ್ಚಾರವನ್ನೇ ಹಿಡಿಯಬೇಕು: ‘ಆ್ಯನ್ ಎಂಎಲ್ಎ’, ‘ಎ ಹಾಸನ್ ಬಸ್’.

ಪ್ರಶ್ನೆ: ಮಗನಿಗೆ ಜ್ವರ ಬಂದು ರಜೆಯ ಚೀಟಿ ಬರೆದೆ: ‘ಮೈ ಸನ್ ಈಸ್ ಸಫರಿಂಗ್ ವಿತ್ ಫೀವರ್ ಸಿನ್ಸ್ ತ್ರೀ ಡೇಸ್. ಹಿ ವಿಲ್ ಕಮ್ ಟು ದಿ ಸ್ಕೂಲ್ ಆನ್ ನೆಕ್ಸ್ಟ್ ಮಂಡೇ.’ ಇದರಲ್ಲಿ ನಾಲ್ಕು ತಪ್ಪುಗಳಿವೆ ಎಂದು ಮಗಳು ನಗುತ್ತಾಳೆ. ನಿಜವೇ?
– ಓರ್ವ ತಂದೆ, ಚನ್ನರಾಯಪಟ್ಟಣ

ಉತ್ತರ: ನಿಜ, ನಾಲ್ಕೂ ಪ್ರಿಪೊಸಿಷನ್ ಮತ್ತು ಆರ್ಟಿಕಲ್‌ಗಳ ತಪ್ಪುಗಳೇ, ಆ ಪಟ್ಟಿಗೆ ಸೇರದ ಕ್ರಿಯಾಪದದ್ದೂ ಒಂದಿದೆ. ಆದರೆ ಮಗಳು ನಗಬೇಕಾಗಿಲ್ಲ. ನಿಮ್ಮ ತಪ್ಪುಗಳಲ್ಲಿ ಕೆಲವು ಶುದ್ಧ ಕನ್ನಡದಿಂದಲೇ ಹುಟ್ಟಿದವು.

ಮೊದಲು ‘ಸಿನ್ಸ್ ತ್ರೀ ಡೇಸ್’. ಕನ್ನಡದಲ್ಲಿ ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಎರಡು ಕಡೆಯೂ ‘ಇಂದ’ ಒಂದೇ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಜ್ವರ ಶುರುವಾದ ಗಳಿಗೆಯನ್ನು ಹೇಳಿದರೆ ‘ಸಿನ್ಸ್ ಮಂಡೇ’, ಕಳೆದ ಕಾಲದ ಉದ್ದವನ್ನು ಹೇಳಿದರೆ ‘ಫಾರ್ ತ್ರೀ ಡೇಸ್’. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದರೆ ‘ಸಿನ್ಸ್’, ಬೆರಳು ಮಡಚಿ ಎಣಿಸಬೇಕಾದರೆ ‘ಫಾರ್’. ಈ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಅರ್ಜಿಯಲ್ಲಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂದು ಬರೆದು ಮೇಲಧಿಕಾರಿಗಳ ಮೇಜಿನ ಮೇಲಿಟ್ಟಿದ್ದೆ. ಅರ್ಜಿ ಮಂಜೂರಾಗಿಯೇ ಬಂತು, ಆದರೆ ‘ಸಿನ್ಸ್’ ಕೆಳಗೆ ಕೆಂಪು ಶಾಯಿಯ ಎರಡು ಗೆರೆಗಳಿದ್ದವು. ಇಂಗ್ಲಿಷ್ ಮೇಷ್ಟ್ರಿಗೆ ಅಂಥ ಮಂಜೂರಾತಿಗಿಂತ ನಿರಾಕರಣೆಯೇ ವಾಸಿ ಎನಿಸಿತ್ತು.

ಎರಡನೆಯದು ‘ಸಫರಿಂಗ್ ವಿತ್’. ಇಲ್ಲಿ ಕನ್ನಡವನ್ನು ನಂಬಿದ್ದರೆ ನೀವು ಗೆಲ್ಲುತ್ತಿದ್ದಿರಿ: ‘ಜ್ವರದಿಂದ ಬಳಲು’ ಎಂಬುದು ನೇರವಾಗಿ ‘ಸಫರ್ ಫ್ರಮ್’. ತೃತೀಯಾ ವಿಭಕ್ತಿಯ ಈ ‘ಇಂದ’ ಬಹಳ ವಿಚಿತ್ರವಾದ ಪ್ರತ್ಯಯ. ಬೇಲೂರಿನಿಂದ ಬಂದರೆ ‘ಫ್ರಮ್ ಬೇಲೂರು’, ಪೆನ್ನಿನಿಂದ ಬರೆದರೆ ‘ವಿತ್ ಎ ಪೆನ್’, ಕೈಯಿಂದ ಮಾಡಿದರೆ ‘ಬೈ ಹ್ಯಾಂಡ್’, ಸಂತೋಷದಿಂದ ಒಪ್ಪಿದರೆ ‘ವಿತ್ ಪ್ಲೆಷರ್’, ಕಲ್ಲಿನಿಂದ ಕಟ್ಟಿದರೆ ‘ಆಫ್ ಸ್ಟೋನ್’. ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ವಿಷ್ಣುವರ್ಧನನಿಂದ ಬಳಪದ ಕಲ್ಲಿನಿಂದ ನಿರ್ಮಿತವಾಯಿತು ಎಂಬ ಒಂದು ವಾಕ್ಯದಲ್ಲಿಯೇ ಎರಡು ‘ಇಂದ’ಗಳಿವೆ, ಇಂಗ್ಲಿಷಿಗೆ ತರುವಾಗ ಒಂದು ‘ಬೈ’ ಆಗುತ್ತದೆ, ಇನ್ನೊಂದು ‘ಆಫ್’. ಆದ್ದರಿಂದ ‘ಇಂದ’ ಎಂದರೆ ಇಂಗ್ಲಿಷಿನಲ್ಲಿ ಏನು ಎಂದು ಕೇಳಬಾರದು. ಆ ಇಂಗ್ಲಿಷ್ ಕ್ರಿಯಾಪದದ ಜೊತೆ ಯಾವ ಪ್ರಿಪೊಸಿಷನ್ ನಡೆಯುತ್ತದೆ ಎಂದು ಕೇಳಬೇಕು, ‘ಸಫರ್ ಫ್ರಮ್’ ಎಂಬುದನ್ನು ಒಂದೇ ಪದವೆಂಬಂತೆ ಕಲಿಯಬೇಕು. ಕೆಲವು ಕ್ರಿಯಾಪದಗಳಿಗಂತೂ ಪ್ರಿಪೊಸಿಷನ್ ಬೇಡವೇ ಬೇಡ. ‘ವಿಷಯದ ಬಗ್ಗೆ ಚರ್ಚಿಸಿದರು’ ಎಂಬುದರಿಂದ ‘ಡಿಸ್ಕಸ್ ಅಬೌಟ್’, ‘ಹಾಸನಕ್ಕೆ ತಲುಪಿದೆ’ ಎಂಬುದರಿಂದ ‘ರೀಚ್ಡ್ ಟು ಹಾಸನ್’, ‘ಮನೆಗೆ ಹೋದೆ’ ಎಂಬುದರಿಂದ ‘ವೆಂಟ್ ಟು ಹೋಮ್’ ಹುಟ್ಟುತ್ತವೆ. ಮೂರರಲ್ಲಿಯೂ ನಡುವಿನ ಪದವನ್ನು ಕಿತ್ತುಹಾಕಬೇಕು.

ಉಳಿದೆರಡು ಸಣ್ಣವು. ಓದಲೆಂದು ಶಾಲೆಗೆ ಹೋಗುವ ಹುಡುಗ ‘ಟು ಸ್ಕೂಲ್’ ಹೋಗುತ್ತಾನೆ. ಆತನ ಶುಲ್ಕ ಕಟ್ಟಲು ಹೋಗುವ ನೀವು ‘ಟು ದಿ ಸ್ಕೂಲ್’ ಹೋಗುತ್ತೀರಿ, ಏಕೆಂದರೆ ನಿಮಗೆ ಅದು ಒಂದು ಕಟ್ಟಡವಷ್ಟೇ. ‘ನೆಕ್ಸ್ಟ್’, ‘ಲಾಸ್ಟ್’, ‘ದಿಸ್’ ಇದ್ದಲ್ಲಿ ವಾರದ ಹೆಸರಿನ ಮುಂದೆ ‘ಆನ್’ ಬರುವುದಿಲ್ಲ. ಹೀಗೆ ಬರೆಯಿರಿ: ‘ಮೈ ಸನ್ ಹ್ಯಾಸ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ತ್ರೀ ಡೇಸ್. ಹಿ ವಿಲ್ ಕಮ್ ಟು ಸ್ಕೂಲ್ ನೆಕ್ಸ್ಟ್ ಮಂಡೇ.’ ಮಗನಿಗೆ ಈಗ ಗುಣವಾಗಿದೆ ಎಂದು ಭಾವಿಸುತ್ತೇನೆ.

ಪ್ರಶ್ನೆ: ದೊಡ್ಡ ಊರಿಗೆ ‘ಇನ್’, ಚಿಕ್ಕ ಊರಿಗೆ ‘ಆ್ಯಟ್’ ಎಂದು ನಾವು ಓದುವ ಕಾಲದಲ್ಲಿ ಕಲಿಸಿದ್ದರು. ಹಾಸನ ದೊಡ್ಡದೋ ಚಿಕ್ಕದೋ?
– ನಿವೃತ್ತ ಅಂಚೆ ನೌಕರರು, ಸಕಲೇಶಪುರ

ಉತ್ತರ: ನಗರದವರನ್ನು ಕೇಳಿದರೆ ಒಂದು ಉತ್ತರ, ಸಕಲೇಶಪುರದವರನ್ನು ಕೇಳಿದರೆ ಇನ್ನೊಂದು ಬಂದೀತು! ಆ ಹಳೆಯ ಸೂತ್ರವನ್ನು ಈಗ ಬಿಟ್ಟುಬಿಡುವುದು ಕ್ಷೇಮ. ಊರನ್ನು ಒಳಗೆ ಬದುಕುವ ಜಾಗವಾಗಿ ಕಂಡರೆ ‘ಇನ್’, ದಾರಿಯ ಮೇಲಿನ ಒಂದು ಬಿಂದುವಾಗಿ ಕಂಡರೆ ‘ಆ್ಯಟ್’. ‘ಮೈ ಡಾಟರ್ ಲಿವ್ಸ್ ಇನ್ ಹಾಸನ್.’ ‘ದಿ ಮಂಗಳೂರು ಬಸ್ ಸ್ಟಾಪ್ಸ್ ಆ್ಯಟ್ ಹಾಸನ್ ಫಾರ್ ಟೆನ್ ಮಿನಿಟ್ಸ್.’ ಅದೇ ಊರು, ಅದೇ ಗಾತ್ರ. ಊರು ಹೆದ್ದಾರಿಯ ಮೇಲಿದೆ ಎನ್ನಲು ‘ಆನ್’: ‘ಸಕಲೇಶಪುರ ಈಸ್ ಆನ್ ದಿ ಬೆಂಗಳೂರು ಮಂಗಳೂರು ಹೈವೇ.’ ಕನ್ನಡದ ಸಪ್ತಮಿಗೆ ‘ಅಲ್ಲಿ’ ಒಂದೇ ಪ್ರತ್ಯಯವಿರುವುದರಿಂದ ನಮಗೆ ಈ ಮೂರೂ ಒಂದೇ ಎನಿಸುತ್ತವೆ. ‘ಬಸ್ಸಿನಲ್ಲಿ’ ಎಂಬುದು ‘ಆನ್ ದಿ ಬಸ್’, ‘ಆಟೋದಲ್ಲಿ’ ಎಂಬುದು ‘ಇನ್ ಆ್ಯನ್ ಆಟೋ’. ಒಳಗೆ ನಿಂತು ಓಡಾಡಬಹುದಾದ ವಾಹನಕ್ಕೆ ‘ಆನ್’, ಬಗ್ಗಿ ಹತ್ತಿ ಕುಳಿತೇ ಇರಬೇಕಾದದ್ದಕ್ಕೆ ‘ಇನ್’ ಎಂದು ನೆನಪಿಟ್ಟುಕೊಳ್ಳಬಹುದು.

ಪ್ರಶ್ನೆ: ನಾನು ಪ್ರವಾಸಿ ಮಾರ್ಗದರ್ಶಿಯಾಗಲು ತಯಾರಿ ನಡೆಸಿದ್ದೇನೆ. ‘ಬೇಲೂರಿನ ದೇವಾಲಯದ ಹೊರಗೋಡೆಯ ಮೇಲಿನ ದರ್ಪಣ ಸುಂದರಿಯ ಕೈಯಲ್ಲಿನ ಕನ್ನಡಿ’ ಎಂಬಂಥ ಉದ್ದದ ಮಾತನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯುವುದಿಲ್ಲ.
– ಓದುಗರು, ಬೇಲೂರು

ಉತ್ತರ: ಉತ್ತರ ನಿಮ್ಮ ಉದಾಹರಣೆಯ ಕೈಯಲ್ಲೇ ಇದೆ. ಕನ್ನಡದ ಮಾತನ್ನು ಆ ಕನ್ನಡಿಯಲ್ಲಿ ನೋಡಿ. ನಾವು ಊರಿನಿಂದ ಹೊರಟು ದೇವಾಲಯ, ಗೋಡೆ, ಸುಂದರಿ, ಕೈ ಎಂದು ಒಂದೊಂದೇ ಬಾಗಿಲು ದಾಟಿ ಕೊನೆಗೆ ಕನ್ನಡಿಗೆ ಬರುತ್ತೇವೆ. ಇಂಗ್ಲಿಷ್ ಕನ್ನಡಿಯನ್ನು ಮೊದಲೇ ಕೈಗಿತ್ತು ಅಲ್ಲಿಂದ ಹಿಂದಕ್ಕೆ ನಡೆಯುತ್ತದೆ: ‘ದಿ ಮಿರರ್ ಇನ್ ದಿ ಹ್ಯಾಂಡ್ ಆಫ್ ದಿ ದರ್ಪಣ ಸುಂದರಿ ಆನ್ ದಿ ಔಟರ್ ವಾಲ್ ಆಫ್ ದಿ ಟೆಂಪಲ್ ಆ್ಯಟ್ ಬೇಲೂರು.’ ನಮ್ಮಲ್ಲಿ ನಾಮಪದದ ಹಿಂದೆ ಅಂಟಿಕೊಳ್ಳುವ ಪ್ರತ್ಯಯ ಅಲ್ಲಿ ನಾಮಪದದ ಮುಂದೆ ಬಿಡಿಯಾಗಿ ನಿಲ್ಲುತ್ತದೆ, ಸಾಲೂ ತಿರುವುಮುರುವಾಗುತ್ತದೆ. ಕೊನೆಯ ಪದದಿಂದ ಆರಂಭಿಸಿ ಹಿಂದಕ್ಕೆ ಹೇಳುತ್ತ ಬಂದರೆ ಎಷ್ಟು ಉದ್ದದ ಮಾತೂ ದಾರಿ ತಪ್ಪುವುದಿಲ್ಲ. ಕನ್ನಡಿಯಿಂದ ಗುಡಿಯವರೆಗೆ ಪ್ರತಿ ನಾಮಪದಕ್ಕೂ ‘ದಿ’ ಬಂದಿರುವುದನ್ನೂ ಗಮನಿಸಿ. ಯಾವ ಕನ್ನಡಿ ಎಂದರೆ ಆ ಕೈಯಲ್ಲಿರುವುದು, ಯಾವ ಗೋಡೆ ಎಂದರೆ ಆ ಗುಡಿಯದು: ಬೆನ್ನಿಗಿರುವ ಪ್ರಿಪೊಸಿಷನ್ ಪದಪುಂಜವೇ ಇಂಥದ್ದೇ ಎಂದು ಗುರುತಿಸುತ್ತಿದೆ. ಇದೇ ಕಾರಣಕ್ಕೆ ಬರಿಯ ಕಾಫಿಗೆ ‘ದಿ’ ಇಲ್ಲ, ‘ಕಾಫಿ ಈಸ್ ಗ್ರೋನ್ ಇನ್ ಚಿಕ್ಕಮಗಳೂರು’. ಆದರೆ ‘ದಿ ಕಾಫಿ ಫ್ರಮ್ ಅವರ್ ಎಸ್ಟೇಟ್’ ಎಂದರೆ ಇದೆ.

ಒಂದು ಅಪಾಯವನ್ನು ಮಾತ್ರ ನೆನಪಿಡಿ. ಕನ್ನಡದಲ್ಲಿ ‘ಜೀಪಿನಲ್ಲಿ’ ಎಂದರೆ ಕ್ರಿಯೆಗೆ, ‘ಜೀಪಿನಲ್ಲಿರುವ’ ಎಂದರೆ ನಾಮಪದಕ್ಕೆ ಸೇರುತ್ತದೆ, ಗೊಂದಲವಿಲ್ಲ. ಇಂಗ್ಲಿಷಿನ ‘ಇನ್ ದಿ ಜೀಪ್’ ಎರಡಕ್ಕೂ ಸಲ್ಲುತ್ತದೆ, ಕೇಳುವವನು ಹತ್ತಿರದ ಪದಕ್ಕೆ ಅಂಟಿಸಿಕೊಳ್ಳುತ್ತಾನೆ. ಮಲೆನಾಡಿನ ಒಂದು ತೋಟದ ಸೂಚನಾಫಲಕಕ್ಕೆಂದು ಬರೆದ ಕರಡನ್ನು ತಿದ್ದಿಕೊಡಲು ಒಮ್ಮೆ ನನ್ನ ಬಳಿ ತಂದಿದ್ದರು. ಅದರಲ್ಲಿ ‘ವರ್ಕರ್ಸ್ ಸಾ ದಿ ಎಲಿಫೆಂಟ್ ಇನ್ ದಿ ಜೀಪ್’ ಎಂದಿತ್ತು. ಆನೆಗೆ ಜೀಪು ಹತ್ತಿಸುವುದು ಬೇಡವಾದರೆ ಪದಪುಂಜವನ್ನು ವಾಕ್ಯದ ಆರಂಭಕ್ಕೆ ತರಬೇಕು, ಇಲ್ಲವೇ ಜೀಪಿನಲ್ಲಿದ್ದವರು ಯಾರೆಂಬುದನ್ನು ಅವರ ಪಕ್ಕದಲ್ಲೇ ಹೇಳಬೇಕು: ‘ದಿ ವರ್ಕರ್ಸ್ ಇನ್ ದಿ ಜೀಪ್ ಸಾ ದಿ ಎಲಿಫೆಂಟ್.’

ಪ್ರಶ್ನೆ: ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ ಎನ್ನಲು ‘ಒನ್ಸ್ ಎ ಇಯರ್’ ಸರಿಯೋ, ‘ಒನ್ಸ್ ಫಾರ್ ಎ ಇಯರ್’ ಸರಿಯೋ?
– ಗೃಹಿಣಿ, ಹಾಸನ

ಉತ್ತರ: ‘ಒನ್ಸ್ ಎ ಇಯರ್.’ ಇಲ್ಲಿ ‘ಎ’ ಎಂಬುದೇ ನಮ್ಮ ‘ವರ್ಷಕ್ಕೆ’ ಎಂಬುದರ ‘ಕ್ಕೆ’. ಆಲೂಗಡ್ಡೆ ಕಿಲೋಗೆ ಮೂವತ್ತು ರೂಪಾಯಿ ಎನ್ನಲು ‘ಥರ್ಟಿ ರುಪೀಸ್ ಎ ಕಿಲೋ’ ಎನ್ನುವುದೂ ಹೀಗೆಯೇ. ದೀಪಾವಳಿಯ ಆಸುಪಾಸಿನಲ್ಲಿ ಎಂದು ಸೇರಿಸುವುದಾದರೆ ‘ಅರೌಂಡ್ ದೀಪಾವಳಿ’ ಸಾಕು. ಹಬ್ಬದ ಹೆಸರಿನ ಮುಂದೆ ‘ದಿ’ ಬೇಡ.